ಮ್ಯಾನ್‌ಹ್ಯಾಟನ್ನಿನ ಸಂತ ಸಾವಾ ಚರ್ಚು: ಕಾನೂನು ಕಾದಿದ್ದೇನು, ಜನ ಕಾದಿದ್ದೇನು

2016ರ ಮೇ 1, ಭಾನುವಾರ. ನ್ಯೂಯಾರ್ಕಿನ ಸರ್ಬಿಯನ್ನರಿಗೆ ಅವತ್ತು ಈಸ್ಟರ್. ಊರಿನ ಉಳಿದ ಕ್ರೈಸ್ತರ ಈಸ್ಟರ್ ಮಾರ್ಚ್ 27ಕ್ಕೇ ಮುಗಿದುಹೋಗಿತ್ತು. ಸರ್ಬಿಯನ್ನರು ಪೂರ್ವದ ಆರ್ಥೊಡಾಕ್ಸ್ ಪಂಥದ ಕ್ರೈಸ್ತರು. ಆರ್ಥೊಡಾಕ್ಸ್ ಚರ್ಚುಗಳು ಈಸ್ಟರ್ ಯಾವತ್ತು ಅಂತ ಗೊತ್ತುಮಾಡುವುದು ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ. ಹಾಗಾಗಿ ಆ ವರ್ಷ ಎರಡು ಈಸ್ಟರ್‌ಗಳ ನಡುವೆ ಐದು ವಾರದ ಅಂತರ. ಬೆಳಿಗ್ಗೆ ಮ್ಯಾನ್‌ಹ್ಯಾಟನ್ನಿನ ಪಶ್ಚಿಮ 25ನೇ ರಸ್ತೆಯ ಸಂತ ಸಾವಾ ಚರ್ಚಿನಲ್ಲಿ ನೂರಾರು ಜನ ಸೇರಿ ಹಬ್ಬ ಮಾಡಿದ್ದರು. ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಬೆಂಕಿ ಕಾಣಿಸಿಕೊಂಡಿತು. ಕತ್ತಲಾಗುವ ಹೊತ್ತಿಗೆ ಚಾವಣಿ ಇರಲಿಲ್ಲ.

ಅಗ್ನಿಶಾಮಕ ಇಲಾಖೆ ಅದನ್ನು ನಾಲ್ಕು ಅಲಾರಂ ಬೆಂಕಿ ಅಂತ ದಾಖಲಿಸಿತು. ಒಂದೊಂದು ಅಲಾರಂ ಏರಿದ ಹಾಗೂ ಇನ್ನಷ್ಟು ಠಾಣೆಗಳಿಂದ ಗಾಡಿ, ಜನ ಬರುತ್ತಾರೆ. ಅವತ್ತು ಬಂದವರು ಸುಮಾರು 170 ಮಂದಿ. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ತನಿಖೆಯಲ್ಲಿ ಕಂಡ ಕಾರಣ ತೀರಾ ಸಾದಾ: ಪೂರ್ತಿ ಆರದ ಮೇಣದಬತ್ತಿಗಳು, ಪಕ್ಕದಲ್ಲೇ ರಟ್ಟಿನ ಡಬ್ಬಿ. ಅದೇ ದಿನ ಬೇರೆ ಕಡೆಯೂ ಆರ್ಥೊಡಾಕ್ಸ್ ಚರ್ಚುಗಳಿಗೆ ಬೆಂಕಿ ಬಿದ್ದಿತ್ತು. ಹಾಗಾಗಿ ಜಾಲತಾಣಗಳಲ್ಲಿ ಪಿತೂರಿಯ ಕತೆಗಳು ಸಾಕಷ್ಟು ಓಡಾಡಿದವು. ಅದನ್ನು ಬಿಟ್ಟುಬಿಡೋಣ.

ಗೋಡೆಗಳು ನಿಂತಿದ್ದವು. ಒಳಗೆ ಮಾತ್ರ ಎದೆಮಟ್ಟ ಸುಟ್ಟ ಮರ, ಕಲ್ಲು, ಬೂದಿ. ಈಗ ಏನು ಮಾಡಬೇಕು? ಯಾರು ಹೇಳಬೇಕು? ಉಳಿಸಬೇಕು ಅಂದರೆ ಯಾವುದನ್ನು? ಈ ಪ್ರಕರಣವನ್ನು ವಿವರವಾಗಿ ಬರೆಯುವುದಕ್ಕೆ ಕಾರಣ ಕೊನೆಯ ಪ್ರಶ್ನೆ. ಈ ಕಟ್ಟಡದಲ್ಲಿ ಕಾನೂನು ಕಾಯುತ್ತಿದ್ದ ಭಾಗ ಒಂದು, ಜನ ಪ್ರೀತಿಸುತ್ತಿದ್ದ ಭಾಗ ಇನ್ನೊಂದು. ಬೆಂಕಿ ಎರಡನ್ನೂ ಬಿಡಿಸಿ ಬೇರೆ ಬೇರೆ ಇಟ್ಟಿತು.

ಕಟ್ಟಿದವರು ಬೇರೆ

ಸರ್ಬಿಯನ್ನರು ಈ ಚರ್ಚನ್ನು ಕಟ್ಟಿಸಿದವರಲ್ಲ. ಕಟ್ಟಿಸಿದ್ದು ಟ್ರಿನಿಟಿ ಚರ್ಚು. ವಾಲ್ ಸ್ಟ್ರೀಟಿನ ತುದಿಯಲ್ಲಿ ಈಗಲೂ ನಿಂತಿದೆಯಲ್ಲ, ಅದೇ. ಅದು ಎಪಿಸ್ಕೋಪಲ್ ಪಂಥದ್ದು, ಅಂದರೆ ಅಮೆರಿಕದ ಆಂಗ್ಲಿಕನ್ನರದ್ದು. 1705ರಲ್ಲಿ ಇಂಗ್ಲೆಂಡಿನ ರಾಣಿ ಆ್ಯನ್ ಕೊಟ್ಟ ಜಮೀನಿನಿಂದ ಶುರುವಾಗಿ ಕುಳವಾಗಿ ಬೆಳೆದ ಸಂಸ್ಥೆ. 1840ರ ದಶಕದ ಹೊತ್ತಿಗೆ ಅದರ ಶ್ರೀಮಂತ ಭಕ್ತರು ದ್ವೀಪದ ದಕ್ಷಿಣದ ತುದಿ ಬಿಟ್ಟು ಉತ್ತರಕ್ಕೆ ಮನೆ ಬದಲಾಯಿಸುತ್ತಿದ್ದರು. ಮ್ಯಾಡಿಸನ್ ಸ್ಕ್ವೇರ್ ಸುತ್ತ ಹೊಸ ಮನೆಗಳು ಏಳುತ್ತಿದ್ದವು. ಅವರಿಗೋಸ್ಕರ ಅಲ್ಲೇ ಒಂದು ಉಪ ಚರ್ಚು ಬೇಕಾಯಿತು. 1850ರಿಂದ 1855ರವರೆಗೆ ಕಟ್ಟಿದ ಟ್ರಿನಿಟಿ ಚಾಪೆಲ್ ಇದು.

ವಾಸ್ತುಶಿಲ್ಪಿ ರಿಚರ್ಡ್ ಅಪ್‌ಜಾನ್. 1846ರಲ್ಲಿ ಮುಗಿದ ಟ್ರಿನಿಟಿಯ ಮುಖ್ಯ ಚರ್ಚು ಕೂಡ ಅವನದೇ ಕೆಲಸ. ಇಂಗ್ಲೆಂಡಿನ ಹಳೆಯ ಗಾಥಿಕ್ ಶೈಲಿಯನ್ನು ಅಮೆರಿಕಕ್ಕೆ ತಂದು ಊರಿಸಿದವರಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿದೆ. ಚೂಪು ಕಮಾನು, ಕಡಿದಾದ ಚಾವಣಿ, ಕಂದುಗಲ್ಲಿನ ಗೋಡೆ. ಕಟ್ಟಡ ಉದ್ದಕ್ಕೆ, 25ನೇ ರಸ್ತೆಯಿಂದ ಹಿಂದಿನ 26ನೇ ರಸ್ತೆಯವರೆಗೆ ಚಾಚಿಕೊಂಡಿದೆ. ಪಕ್ಕದಲ್ಲಿ 1860ರ ಶಾಲಾ ಕಟ್ಟಡ ಇದೆ, ಬಣ್ಣಬಣ್ಣದ ಕಲ್ಲು ಇಟ್ಟಿಗೆಯದು. ಅದನ್ನು ಮಾಡಿದವನು ಜೇಕಬ್ ರೇ ಮೋಲ್ಡ್. ಸೆಂಟ್ರಲ್ ಪಾರ್ಕಿನ ಬೆಥೆಸ್ಡಾ ಟೆರೇಸಿನ ಕೆತ್ತನೆ ನೋಡಿದವರಿಗೆ ಅವನ ಕೈ ಗೊತ್ತಿರುತ್ತದೆ. ಈ ಪಕ್ಕದ ಕಟ್ಟಡವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಆಗಿದ್ದು ನ್ಯೂಯಾರ್ಕಿನಲ್ಲಿ ಎಲ್ಲ ಕಡೆ ಆದದ್ದೇ. ಶ್ರೀಮಂತರು ಇನ್ನೂ ಉತ್ತರಕ್ಕೆ ಹೋದರು. ಮನೆಗಳಿದ್ದ ಜಾಗಕ್ಕೆ ಅಂಗಡಿ, ಗೋದಾಮು, ಆಫೀಸು ಬಂದವು. ಯಾರಿಗೋಸ್ಕರ ಚರ್ಚು ಕಟ್ಟಿದ್ದರೋ ಅವರೇ ಅಲ್ಲಿ ಇರಲಿಲ್ಲ. ಅಪ್‌ಜಾನ್‌ನದೇ ಇನ್ನೊಂದು ಚರ್ಚು, ಐದು ರಸ್ತೆ ಕೆಳಗೆ ಆರನೇ ಅವೆನ್ಯೂದಲ್ಲಿರುವ ಹೋಲಿ ಕಮ್ಯೂನಿಯನ್, 1983ರಲ್ಲಿ ಲೈಮ್‌ಲೈಟ್ ಅನ್ನುವ ಡಿಸ್ಕೊ ಆಯಿತು. ಆಮೇಲೆ ಅಂಗಡಿಗಳ ಸಾಲಾಯಿತು. ಟ್ರಿನಿಟಿ ಚಾಪೆಲ್ಲಿಗೂ ಅಂಥದೇ ಗತಿ ಬರಬಹುದಿತ್ತು, ಅಥವಾ ಅದಕ್ಕೂ ಮೊದಲೇ ನೆಲಸಮ ಆಗಬಹುದಿತ್ತು. ಆಗಲಿಲ್ಲ. ಯಾಕೆಂದರೆ 1942ರಲ್ಲಿ ಸರ್ಬಿಯನ್ನರು ಅದನ್ನು ಕೊಂಡರು.

ಆ ಇಸವಿ ಗಮನಿಸಿ. 1941ರ ಏಪ್ರಿಲಿನಲ್ಲಿ ಜರ್ಮನಿ, ಸರ್ಬಿಯ ಆಗ ಸೇರಿದ್ದ ಯುಗೊಸ್ಲಾವಿಯದ ಮೇಲೆ ಬಿದ್ದಿತ್ತು. ರಾಜಧಾನಿ ಬೆಲ್‌ಗ್ರೇಡಿನ ಮೇಲೆ ಬಾಂಬು ಸುರಿದಿತ್ತು. ರಾಜ ದೇಶ ಬಿಟ್ಟು ಲಂಡನ್ನಿನಲ್ಲಿದ್ದ. ಊರಿನಿಂದ ಕಾಗದ ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಈ ಜನ ಊರಿನ ಮಧ್ಯದಲ್ಲಿ ಒಂದು ದೊಡ್ಡ ಕಲ್ಲಿನ ಕಟ್ಟಡ ಕೊಳ್ಳುವ ಧೈರ್ಯ ಮಾಡಿದರು. ಅಮೆರಿಕದಲ್ಲಿ ಸರ್ಬಿಯನ್ನರ ಮೊದಲ ಚರ್ಚು 1894ರಲ್ಲೇ ಎದ್ದಿತ್ತು, ಕ್ಯಾಲಿಫೋರ್ನಿಯದ ಜಾಕ್ಸನ್ ಅನ್ನುವ ಚಿನ್ನದ ಗಣಿ ಊರಿನಲ್ಲಿ. ಅದರ ಹೆಸರೂ ಸಂತ ಸಾವಾ. ಗಣಿಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವವರ ಸಮುದಾಯ ಅದು. ಮ್ಯಾನ್‌ಹ್ಯಾಟನ್ನಿನಲ್ಲಿ ಕೆಥೆಡ್ರಲ್ ಅನ್ನುವುದು ಅವರಿಗೆ ಬೇರೆಯೇ ಮಟ್ಟದ ಮಾತು.

ಹೆಸರಿನ ಬಗ್ಗೆ ಒಂದು ಸಾಲು. ಸಾವಾ 12-13ನೇ ಶತಮಾನದವನು. ರಾಜಕುಮಾರನಾಗಿ ಹುಟ್ಟಿ ಸನ್ಯಾಸಿಯಾದವನು. 1219ರಲ್ಲಿ ಸರ್ಬಿಯದ ಚರ್ಚು ಸ್ವತಂತ್ರವಾದಾಗ ಅದರ ಮೊದಲ ಆರ್ಚ್‌ಬಿಷಪ್. ಹೊರದೇಶದಲ್ಲಿ ಸರ್ಬಿಯನ್ನರು ಎಲ್ಲಿ ಚರ್ಚು ಕಟ್ಟಿದರೂ ಮೊದಲು ನೆನಪಾಗುವ ಹೆಸರು ಅವನದೇ.

1944ರಲ್ಲಿ ಚರ್ಚು ಸಂತ ಸಾವಾ ಕೆಥೆಡ್ರಲ್ ಆಗಿ ತೆರೆಯಿತು. ಈ ಎರಡು ವರ್ಷಗಳ ನಡುವೆ, 1943ರ ಜನವರಿ 7ರಂದು, ಸರ್ಬಿಯನ್ ಮೂಲದ ವಿಜ್ಞಾನಿ ನಿಕೋಲಾ ಟೆಸ್ಲಾ ನ್ಯೂಯಾರ್ಕರ್ ಹೋಟೆಲಿನ ಕೋಣೆಯಲ್ಲಿ ತೀರಿಕೊಂಡ. ಸರ್ಬಿಯನ್ನರ ಪಂಚಾಂಗದಲ್ಲಿ ಅದು ಕ್ರಿಸ್‌ಮಸ್ ದಿನ. ಸಂತ ಸಾವಾ ಇನ್ನೂ ತೆರೆದಿರಲಿಲ್ಲ. ಅಂತ್ಯಕ್ರಿಯೆ ಎಪಿಸ್ಕೋಪಲ್‌ನವರ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲಿನಲ್ಲಿ, ಸರ್ಬಿಯನ್ ವಿಧಿಯಂತೆ ನಡೆಯಿತು. ಎರಡು ಸಾವಿರಕ್ಕಿಂತ ಜಾಸ್ತಿ ಜನ ಬಂದಿದ್ದರು. 1890ರ ದಶಕದಲ್ಲಿ ಟೆಸ್ಲಾ ಇದ್ದ ಗರ್ಲಾಕ್ ಹೋಟೆಲು ಇದೇ ಚರ್ಚಿನಿಂದ ಎರಡು ರಸ್ತೆ ಆಚೆ, ಪಶ್ಚಿಮ 27ನೇ ರಸ್ತೆಯಲ್ಲಿ. 1898ರಲ್ಲಿ ಅವನು ತಂತಿಯಿಲ್ಲದೆ ದೋಣಿ ಓಡಿಸಿ ತೋರಿಸಿದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕೂಡ ನಡೆದು ಹೋಗುವಷ್ಟು ಹತ್ತಿರ. ಆಗ ಇದು ಇನ್ನೂ ಆಂಗ್ಲಿಕನ್ನರ ಚರ್ಚು. ಈಗ ಹೊರಗಡೆ ಟೆಸ್ಲಾನ ಎದೆಮಟ್ಟದ ಪ್ರತಿಮೆ ಇದೆ.

ಗಾಥಿಕ್ ಮೈಯಲ್ಲಿ ಆರ್ಥೊಡಾಕ್ಸ್ ಬದುಕು

ಸರ್ಬಿಯದ ಹಳೆಯ ಚರ್ಚುಗಳ ಚಿತ್ರ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಗ್ರಾಚಾನಿತ್ಸಾದಂಥ ಕಡೆ ಗುಮ್ಮಟದ ಮೇಲೆ ಗುಮ್ಮಟ. ಒಳಗೆ ನೆಲದಿಂದ ಮೇಲಿನವರೆಗೆ ಗೋಡೆಚಿತ್ರ. ಜಾಗ ಚಿಕ್ಕದು, ಕತ್ತಲು ಜಾಸ್ತಿ, ಎಲ್ಲವೂ ಗುಮ್ಮಟದ ಕೆಳಗೆ ಒತ್ತಾಗಿ ಕೂಡಿಕೊಂಡಿರುತ್ತದೆ. ಅಪ್‌ಜಾನ್ ಕಟ್ಟಿದ್ದು ಅದಕ್ಕೆ ಪೂರ್ತಿ ಉಲ್ಟಾ. ಉದ್ದ ಹಜಾರ, ಎತ್ತರದ ಮರದ ಸೂರು, ಬಣ್ಣದ ಗಾಜು, ದೂರದ ತುದಿಯಲ್ಲಿ ಪೀಠ. ಆರ್ಥೊಡಾಕ್ಸ್ ಪದ್ಧತಿಯಲ್ಲಿ ಪೀಠ ಪೂರ್ವಕ್ಕಿರಬೇಕು. ಮ್ಯಾನ್‌ಹ್ಯಾಟನ್ನಿನ ಅಡ್ಡರಸ್ತೆಗಳ ನಡುವೆ ತೂರಿಸಿದ ಈ ಕಟ್ಟಡದಲ್ಲಿ ಅದು ಉತ್ತರದ ಕಡೆಗಿದೆ. ಏನು ಮಾಡುವುದು, ಹೊಂದಿಕೊಂಡರು.

ಹೊಂದಿಕೊಂಡ ಬಗೆಯೇ ಇಲ್ಲಿ ಮುಖ್ಯ. ಪೀಠಕ್ಕೂ ಜನಕ್ಕೂ ನಡುವೆ ಐಕಾನೋಸ್ಟಾಸಿಸ್ ಬಂತು. ಸಂತರ ಚಿತ್ರಪಟಗಳನ್ನು ಸಾಲಾಗಿ ಕೂರಿಸಿದ ಎತ್ತರದ ಅಡ್ಡಗೋಡೆ ಅದು. ಅದರ ನಡುವಿನ ಬಾಗಿಲು ತೆರೆದಾಗ ಮಾತ್ರ ಒಳಗಿನ ಪೂಜೆ ಕಾಣುತ್ತದೆ. ಗೋಡೆಯ ಬದಿಗೆ ಐಕಾನುಗಳು ಬಂದವು. ಮೇಣದಬತ್ತಿ ಹಚ್ಚುವ ಮರಳಿನ ತಟ್ಟೆಗಳು ಬಂದವು. ಸರ್ಬಿಯನ್ ಚರ್ಚುಗಳಲ್ಲಿ ಈ ತಟ್ಟೆಗಳು ಎರಡು ಮಟ್ಟದಲ್ಲಿರುತ್ತವೆ. ಮೇಲಿನದು ಬದುಕಿರುವವರಿಗೆ, ಕೆಳಗಿನದು ತೀರಿಕೊಂಡವರಿಗೆ. ಜನ ಒಳಗೆ ಬಂದ ಕೂಡಲೇ ತೆಳ್ಳನೆಯ ಬತ್ತಿಗಳನ್ನು ಕೊಂಡು, ಮಗಳ ಪರೀಕ್ಷೆಗೆ ಒಂದು ಮೇಲೆ, ಅಜ್ಜನಿಗೆ ಒಂದು ಕೆಳಗೆ ಅಂತ ಸಿಕ್ಕಿಸುತ್ತಾರೆ. ಒಂದು ಹಬ್ಬದ ದಿನ ನೂರಾರು ಬತ್ತಿ. ತಟ್ಟೆ ತುಂಬಿದಾಗ ಯಾರಾದರೂ ಅರ್ಧ ಉರಿದದ್ದನ್ನು ಕಿತ್ತು ಆರಿಸಿ ಪಕ್ಕಕ್ಕಿಡಬೇಕು, ಇಲ್ಲದಿದ್ದರೆ ಮುಂದಿನವರಿಗೆ ಜಾಗ ಇರುವುದಿಲ್ಲ. ತನಿಖೆ ಹೇಳಿದ ಬೆಂಕಿಯ ಕಾರಣವನ್ನು ಇದರ ಪಕ್ಕ ಇಟ್ಟು ನೋಡಿದರೆ, ಯಾರದೋ ಬೇಜವಾಬ್ದಾರಿ ಅಂತ ಸುಮ್ನೆ ಬೆರಳು ತೋರಿಸಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟರಲ್ಲಿ ಸಮುದಾಯವೂ ಬದಲಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಯುಗೊಸ್ಲಾವಿಯಕ್ಕೆ ಮರಳಲಾಗದವರು ಬಂದರು. 1963ರ ಹೊತ್ತಿಗೆ ಅಮೆರಿಕದ ಸರ್ಬಿಯನ್ ಚರ್ಚೇ ಎರಡಾಯಿತು. ಬೆಲ್‌ಗ್ರೇಡಿನಲ್ಲಿರುವ ಮೂಲ ಚರ್ಚಿನ ಮಾತು ಕೇಳಬೇಕೋ ಬೇಡವೋ ಅನ್ನುವ ಜಗಳ ಅದು. ಆಸ್ತಿ ಯಾರದು ಅನ್ನುವ ಪ್ರಶ್ನೆ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇಂಥ ವಿಷಯದಲ್ಲಿ ಚರ್ಚಿನ ಮೇಲಿನ ಅಧಿಕಾರಿಗಳ ತೀರ್ಮಾನವೇ ಕೊನೆ, ಕೋರ್ಟು ಕೈ ಹಾಕುವುದಿಲ್ಲ ಅಂತ ತೀರ್ಪು ಬಂತು. ಒಡಕು ಮುಚ್ಚಿದ್ದು 1990ರ ದಶಕದ ಶುರುವಿನಲ್ಲಿ. ಆಗ ಯುಗೊಸ್ಲಾವಿಯವೇ ಒಡೆಯುತ್ತಿತ್ತು, ಇನ್ನೊಂದು ಅಲೆ ಜನ ಬಂದರು. ಹೀಗೆ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ರಾಜಕೀಯ ಹೊತ್ತು ಬಂದವರು ಎಲ್ಲರೂ ಮದುವೆ, ನಾಮಕರಣ, ಸಾವು ಅಂತ ಸೇರುತ್ತಿದ್ದುದು ಇಂಥ ಚರ್ಚುಗಳಲ್ಲೇ.

ಕಾನೂನಿನ ಕೈ ಎಲ್ಲಿಯವರೆಗೆ

1963ರಲ್ಲಿ ನ್ಯೂಯಾರ್ಕಿನ ಹಳೆಯ ರೈಲು ನಿಲ್ದಾಣ ಪೆನ್ ಸ್ಟೇಷನ್ ಒಡೆಯಲು ಶುರುಮಾಡಿದರು. ಊರಿಗೆ ಊರೇ ಬೇಜಾರು ಮಾಡಿಕೊಂಡಿತು. 1965ರಲ್ಲಿ ಸ್ಮಾರಕ ಸಂರಕ್ಷಣೆಯ ಕಾನೂನು ಬಂತು, ಅದನ್ನು ನೋಡಿಕೊಳ್ಳಲು ಲ್ಯಾಂಡ್‌ಮಾರ್ಕ್ಸ್ ಆಯೋಗ ಬಂತು. ಆಯೋಗ 1968ರಲ್ಲೇ ಸಂತ ಸಾವಾವನ್ನು ಪಟ್ಟಿಗೆ ಸೇರಿಸಿತು. 1982ರಲ್ಲಿ ಅದು, ಪಕ್ಕದ ಕಟ್ಟಡಗಳ ಜೊತೆ, ರಾಷ್ಟ್ರೀಯ ಪಟ್ಟಿಗೂ ಬಂತು.

ಎರಡೂ ಪಟ್ಟಿ ಒಂದೇ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ರಾಷ್ಟ್ರೀಯ ಪಟ್ಟಿ ಹೆಚ್ಚಾಗಿ ಮರ್ಯಾದೆಯ ಮಾತು. ಮಾಲೀಕ ತನ್ನ ದುಡ್ಡಿನಲ್ಲಿ ಕಟ್ಟಡ ಒಡೆದರೆ ಅದು ತಡೆಯುವುದಿಲ್ಲ. ಹಲ್ಲಿರುವುದು ನಗರದ ಪಟ್ಟಿಗೆ. ಅದರಲ್ಲಿ ಹೆಸರಿದ್ದರೆ ಹೊರಗಿನ ಒಂದು ಕಿಟಕಿ ಬದಲಾಯಿಸಬೇಕಿದ್ದರೂ ಆಯೋಗದ ಅನುಮತಿ ಬೇಕು. ಒಡೆಯುವುದಂತೂ ದೂರದ ಮಾತು. ಚರ್ಚುಗಳು ಇದರ ವಿರುದ್ಧ ಕೋರ್ಟಿಗೂ ಹೋಗಿವೆ. ಪಾರ್ಕ್ ಅವೆನ್ಯೂದ ಸೇಂಟ್ ಬಾರ್ಥಲೊಮ್ಯೂ ಚರ್ಚು ತನ್ನ ಪಕ್ಕದ ಕಟ್ಟಡ ಒಡೆದು ಆಫೀಸು ಗೋಪುರ ಎಬ್ಬಿಸಲು ಹೊರಟಿತ್ತು. ಆಯೋಗ ಬಿಡಲಿಲ್ಲ. ನಮ್ಮ ಧರ್ಮದ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಚರ್ಚು ವಾದ ಮಾಡಿತು. 1990ರಲ್ಲಿ ಮೇಲ್ಮನವಿ ಕೋರ್ಟು ಆಯೋಗದ ಪರ ನಿಂತಿತು.

ಈಗ ನಮ್ಮ ಪ್ರಕರಣದ ಗಂಟು. 1973ರಲ್ಲಿ ಕಾನೂನು ತಿದ್ದಿ, ಕಟ್ಟಡಗಳ ಒಳಭಾಗವನ್ನೂ ಸ್ಮಾರಕ ಅಂತ ಘೋಷಿಸಬಹುದು ಅಂದರು. ಆದರೆ ಒಂದು ವಿನಾಯಿತಿ ಇಟ್ಟರು: ಪೂಜೆ ನಡೆಯುವ ಜಾಗದ ಒಳಭಾಗವನ್ನು ಮುಟ್ಟುವ ಹಾಗಿಲ್ಲ. ಅಂದರೆ ಸಂತ ಸಾವಾದಲ್ಲಿ ಕಾನೂನು ಕಾಯುವುದು ಹೊರಗಿನ ಕಂದುಗಲ್ಲನ್ನು, 1855ರ ಆಂಗ್ಲಿಕನ್ನರು ಬಿಟ್ಟುಹೋದದ್ದನ್ನು. ಸರ್ಬಿಯನ್ನರು ಮುಕ್ಕಾಲು ಶತಮಾನ ಸೇರಿಸಿದ್ದೆಲ್ಲ ಒಳಗಿತ್ತು. ಅದಕ್ಕೆ ಕಾನೂನಿನ ಕಣ್ಣಿನಲ್ಲಿ ಲೆಕ್ಕವೇ ಇಲ್ಲ. ವಿನಾಯಿತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಐಕಾನು ಇಂಥ ಕಡೆಯೇ ಇರಬೇಕು ಅಂತ ಸರಕಾರಿ ಅಧಿಕಾರಿ ಹೇಳುವುದು ಯಾರಿಗೆ ಬೇಕು? ಆದರೆ ಅದರ ಫಲ ಏನು ಅನ್ನುವುದು ಬೆಂಕಿ ಬಿದ್ದಾಗ ಕಂಡಿತು. ಉಳಿದದ್ದು ಗೋಡೆ. ಹೋದದ್ದು ಒಳಗು.

ಸುಟ್ಟ ಕಲ್ಲನ್ನು ಓದುವುದು

ಬೆಂಕಿಯ ಮರುದಿನ ಇಂಥ ಕಟ್ಟಡದ ಮುಂದೆ ನಿಂತವರಿಗೆ ಗೋಡೆ ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ. ಕಲ್ಲು ಸುಡುತ್ತದೆಯೇ ಅಂತ ಅನ್ನಿಸುವುದು ಸಹಜ. ಎಂಜಿನಿಯರಿಗೆ ಹಾಗಲ್ಲ. ಅವರ ಮೊದಲ ಚಿಂತೆ ಕಲ್ಲಿನದ್ದಲ್ಲ, ಚಾವಣಿಯದ್ದು. ಮರದ ಸೂರು ಮಳೆ ತಡೆಯುವುದಷ್ಟೇ ಅಲ್ಲ, ಎದುರುಬದುರು ಇರುವ ಎರಡು ಎತ್ತರದ ಗೋಡೆಗಳನ್ನು ಮೇಲ್ಗಡೆ ಹಿಡಿದು ಕಟ್ಟಿರುತ್ತದೆ. ಅದು ಹೋದ ಮೇಲೆ ಆ ಗೋಡೆಗಳೂ, ಮುಂದಿನ ಹಿಂದಿನ ತ್ರಿಕೋನದ ಗೋಡೆಗಳೂ ಒಂಟಿಯಾಗಿ ನಿಂತಂತೆ. ಗಾಳಿ ಬೀಸಿದರೆ ತಡೆಯಲು ಏನಿದೆ? ಪಕ್ಕದಲ್ಲೇ ಜನ ಓಡಾಡುವ ಫುಟ್‌ಪಾತು. ಹಾಗಾಗಿ ಮೊದಲ ಕೆಲಸ ಆಸರೆ ಕೊಡುವುದು. ಗೋಡೆ ಅಲುಗಾಡುತ್ತಿದೆಯಾ, ಬಿರುಕು ಅಗಲವಾಗುತ್ತಿದೆಯಾ ಅಂತ ಅಳತೆಯ ಪಟ್ಟಿ ಅಂಟಿಸಿ ದಿನಾ ನೋಡುವುದು.

ಎರಡನೆಯದು ಕಲ್ಲು. ಕಂದುಗಲ್ಲು ಅಂದರೆ ಮರಳುಗಲ್ಲೇ. ಕಬ್ಬಿಣದ ಅಂಶ ಇರುವುದರಿಂದ ಆ ಬಣ್ಣ. ಮರಳಿನ ಕಣ ಅಂದರೆ ಕ್ವಾರ್ಟ್ಸ್. ಸುಮಾರು 573 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕ್ವಾರ್ಟ್ಸಿನ ಒಳರಚನೆ ಬದಲಾಗಿ ಅದು ಹಿಗ್ಗುತ್ತದೆ. ಕಣಗಳ ನಡುವಿನ ಬಂಧ ಒಡೆಯುತ್ತದೆ. ಅದರ ಮೇಲೆ ಅಗ್ನಿಶಾಮಕದವರ ತಣ್ಣೀರು ಬಿದ್ದರೆ ಮೇಲಿನ ಪದರ ಚಕ್ಕೆಯಾಗಿ ಎದ್ದುಬರುತ್ತದೆ. ತಿಳಿ ಬಣ್ಣದ ಮರಳುಗಲ್ಲಿನಲ್ಲಿ ಶಾಖ ತಾಗಿದ ಕಡೆ ಕೆಂಪಗಾಗುತ್ತದೆ, ನೋಡಿದರೆ ಗೊತ್ತಾಗುತ್ತದೆ. ಕಂದುಗಲ್ಲು ಮೊದಲೇ ಕೆಂಪು-ಕಂದು, ಕಣ್ಣಿಗೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಆಗ ಕಿವಿ ಬೇಕು. ಚಿಕ್ಕ ಸುತ್ತಿಗೆಯಿಂದ ಒಂದೊಂದೇ ಕಲ್ಲನ್ನು ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟದ್ದು ಮಡಕೆಯ ಹಾಗೆ ಬೊದ್ ಅನ್ನುತ್ತದೆ. ಬೊದ್ ಅಂದ ಕಲ್ಲಿಗೆ ನಕ್ಷೆಯಲ್ಲಿ ಗುರುತು ಬೀಳುತ್ತದೆ. ಅನುಮಾನ ಇದ್ದಲ್ಲಿ ಕೊಳವೆಯಾಕಾರದ ತುಂಡು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಮೂರನೆಯದು ನೀರು, ನನ್ನ ಪ್ರಕಾರ ಇದೇ ದೊಡ್ಡ ಶತ್ರು. ಬೆಂಕಿ ಒಂದು ಸಂಜೆಯದ್ದು. ಚಾವಣಿ ಇಲ್ಲದ ಗೋಡೆಯ ತಲೆಯಲ್ಲಿ ಮಳೆನೀರು ಇಳಿದು, ಸುಣ್ಣದ ಗಾರೆಯನ್ನು ಮೆತ್ತಗೆ ಮಾಡಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲು ಸೀಳುವುದು ವರ್ಷವರ್ಷದ ಕೆಲಸ. ನ್ಯೂಯಾರ್ಕಿನ ಚಳಿಯಲ್ಲಿ ಕಂದುಗಲ್ಲು ಬೆಂಕಿ ಇಲ್ಲದೆಯೇ ಪದರ ಬಿಡುತ್ತದೆ, ಅಲ್ಲಿನ ಹಳೆಯ ಮನೆಗಳ ಮೆಟ್ಟಿಲು ನೋಡಿದರೆ ಸಾಕು. ಹೊಸ ಕಲ್ಲು ತಂದು ಹಾಕೋಣ ಅಂದರೆ ಅದೂ ಸುಲಭವಿಲ್ಲ. ನ್ಯೂಯಾರ್ಕಿನ ಕಂದುಗಲ್ಲು ಹೆಚ್ಚಾಗಿ ಬರುತ್ತಿದ್ದುದು ನ್ಯೂಜೆರ್ಸಿ, ಕನೆಕ್ಟಿಕಟ್‌ನ ಕ್ವಾರಿಗಳಿಂದ. ಕನೆಕ್ಟಿಕಟ್‌ನ ಪೋರ್ಟ್‌ಲೆಂಡ್ ಊರಿನ ಹೆಸರಾಂತ ಕ್ವಾರಿ 1936ರ ನೆರೆಯಲ್ಲಿ ಮುಳುಗಿತು. 1990ರ ದಶಕದಲ್ಲಿ ಮತ್ತೆ ಕಲ್ಲು ತೆಗೆಯಲು ಶುರುಮಾಡಿದ್ದರೂ 2012ಕ್ಕೆ ಅದೂ ನಿಂತಿತು. ಹಾಗಾಗಿ ಇಂಥ ಕಟ್ಟಡದಲ್ಲಿ ಇರುವ ಒಂದೊಂದು ಒಳ್ಳೆಯ ಕಲ್ಲನ್ನೂ ಉಳಿಸಿಕೊಳ್ಳುವುದು ಜಿಪುಣತನ ಅಲ್ಲ, ಅನಿವಾರ್ಯ.

ಈ ಎಲ್ಲದರ ಮೇಲೆ ಒಂದು ಕತ್ತಿ ತೂಗುತ್ತಿರುತ್ತದೆ. ಪಟ್ಟಿಯಲ್ಲಿರುವ ಕಟ್ಟಡವೇ ಆದರೂ, ಇದು ಬಿದ್ದು ಜನ ಸಾಯಬಹುದು ಅಂತ ನಗರದ ಕಟ್ಟಡ ಇಲಾಖೆ ಹೇಳಿದರೆ, ಒಡೆಯಲು ಆಯೋಗದ ಅನುಮತಿಗೆ ಕಾಯಬೇಕಿಲ್ಲ. ಸುಟ್ಟ ಸ್ಮಾರಕದ ಮೊದಲ ಕೆಲವು ವಾರ ಆದ್ದರಿಂದಲೇ ಅಷ್ಟು ಮುಖ್ಯ. ಆಸರೆ ನಿಲ್ಲಿಸುವವರು ಬೇಗ ಬರಬೇಕು.

ದುಡ್ಡು ಎಲ್ಲಿಂದ

ಮೂರು ವರ್ಷದ ನಂತರ, 2019ರ ಏಪ್ರಿಲಿನಲ್ಲಿ, ಪ್ಯಾರಿಸಿನ ನೋತ್ರ್ ದಾಮ್ ಸುಟ್ಟಿತು. ಕಟ್ಟಡದ ಒಡೆತನ ಫ್ರೆಂಚ್ ಸರಕಾರದ್ದು. ಜಗತ್ತೇ ದುಡ್ಡು ಕೊಟ್ಟಿತು, 80 ಕೋಟಿ ಯೂರೋಗಿಂತ ಜಾಸ್ತಿ ಕೂಡಿತು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಸಂತ ಸಾವಾ ಹಿಂದೆ ಸರಕಾರ ಇರಲಿಲ್ಲ. ಇದ್ದುದು ಒಂದು ಪ್ಯಾರಿಷ್, ಅಂದರೆ ಚಂದಾ ಕೊಡುವ ಕುಟುಂಬಗಳ ಒಂದು ಕೂಟ.

ಅಮೆರಿಕದಲ್ಲಿ ಚರ್ಚಿಗೆ ಸರಕಾರಿ ದುಡ್ಡು ಸಿಗುವುದು ತೊಡಕಿನ ಮಾತು. ಧರ್ಮ ಮತ್ತು ಸರಕಾರದ ನಡುವೆ ಸಂವಿಧಾನ ಹಾಕಿರುವ ಗೆರೆ ಅಲ್ಲಿ ದಪ್ಪ. ಹಳೆಯ ಕಟ್ಟಡ ದುರಸ್ತಿಗೆ ಕೇಂದ್ರ ಸರಕಾರ ಕೊಡುವ 20 ಪರ್ಸೆಂಟ್ ತೆರಿಗೆ ರಿಯಾಯಿತಿ ಇದೆ, ಆದರೆ ಅದು ಆದಾಯ ತರುವ ಕಟ್ಟಡಕ್ಕೆ ಮಾತ್ರ. ಹಳೆಯ ಗೋದಾಮನ್ನು ಹೋಟೆಲ್ ಮಾಡಿದರೆ ಸಿಗುತ್ತದೆ, ಚರ್ಚು ಚರ್ಚಾಗಿಯೇ ಉಳಿದರೆ ಸಿಗುವುದಿಲ್ಲ. ವಿಚಿತ್ರ ಅಲ್ವಾ? ನ್ಯೂಯಾರ್ಕ್ ಲ್ಯಾಂಡ್‌ಮಾರ್ಕ್ಸ್ ಕನ್ಸರ್ವೆನ್ಸಿ ಅನ್ನುವ ಖಾಸಗಿ ಸಂಸ್ಥೆ 1986ರಿಂದ ಪೂಜಾಸ್ಥಳಗಳ ದುರಸ್ತಿಗೆ ನೆರವು ಕೊಡುತ್ತಿದೆ. ಒಳ್ಳೆಯ ಕೆಲಸ, ಆದರೆ ಸುಟ್ಟ ಕೆಥೆಡ್ರಲಿಗೆ ಅದು ಕೈ ಹಿಡಿದು ನಡೆಸುವಷ್ಟು, ಹೊತ್ತು ಸಾಗಿಸುವಷ್ಟಲ್ಲ. ವಿಮೆಯ ದುಡ್ಡೂ ಹಾಗೆಯೇ. ಸಾದಾ ಗೋಡೆ ಕಟ್ಟುವ ರೇಟಿಗೂ ಕೆತ್ತಿದ ಕಲ್ಲಿನ ಗೋಡೆ ಸರಿಮಾಡುವ ರೇಟಿಗೂ ಇರುವ ಅಂತರವನ್ನು ಪಾಲಿಸಿ ಬರೆಸುವಾಗ ಯೋಚಿಸಿರುವವರು ಕಡಿಮೆ.

ಇನ್ನೊಂದು ದಾರಿ ಏರ್ ರೈಟ್ಸ್. ಸ್ಮಾರಕದ ಮೇಲೆ ಕಟ್ಟಲಾಗದೆ ಉಳಿದ ಎತ್ತರದ ಹಕ್ಕನ್ನು ಸುತ್ತಮುತ್ತಲಿನ ಜಾಗಕ್ಕೆ ಮಾರಬಹುದು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಲು ಬಿಡದ 1978ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಈ ಹಕ್ಕಿನ ಮಾತು ಬರುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಕೊಳ್ಳುವವರು ಅಕ್ಕಪಕ್ಕದಲ್ಲೇ ಇರಬೇಕು, ಅವರು ಕಟ್ಟುವ ಎತ್ತರದ ಕಟ್ಟಡ ನಾಳೆ ನಿಮ್ಮ ಬಣ್ಣದ ಗಾಜಿನ ಬೆಳಕನ್ನು ಮುಚ್ಚಬಹುದು ಅನ್ನುವುದನ್ನೂ ಒಪ್ಪಿಕೊಂಡಿರಬೇಕು. ಹೀಗಾಗಿ ಇಂಥ ಸಮುದಾಯ ಕೊನೆಗೆ ನೆಚ್ಚುವುದು ತನ್ನದೇ ಜನರನ್ನು. ವರ್ಷಗಟ್ಟಲೆ ನಡೆಯುವ ಕೆಲಸ ಅದು.

ಯಾವ ಕಾಲಕ್ಕೆ ವಾಪಸ್?

ಚಾವಣಿ ಮತ್ತೆ ಮರದ್ದೇ ಆಗಬೇಕಾ? ಇದಕ್ಕೆ ಒಂದೇ ಉತ್ತರ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸುಟ್ಟ ಫ್ರಾನ್ಸಿನ ರೈಮ್ಸ್ ಕೆಥೆಡ್ರಲಿಗೆ ಕಾಂಕ್ರೀಟಿನ ಸೂರು ಹಾಕಿದರು. 1984ರಲ್ಲಿ ಸುಟ್ಟ ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರಿನ ಭಾಗಕ್ಕೆ ಓಕ್ ಮರವನ್ನೇ ಹಾಕಿ 1988ಕ್ಕೆ ಮುಗಿಸಿದರು. ನೋತ್ರ್ ದಾಮಿಗೂ ಓಕ್. ಆದರೆ ಅಲ್ಲೆಲ್ಲ ಕಟ್ಟಿಸಿದವರು, ಬಳಸುವವರು ಒಂದೇ ನಾಡಿನವರು. ಸಂತ ಸಾವಾದಲ್ಲಿ ಪ್ರಶ್ನೆ ಇನ್ನೊಂದು ಸುತ್ತು ಜಟಿಲ. 1855ರ ಇಂಗ್ಲಿಷ್ ಗಾಥಿಕ್ ಒಳಾಂಗಣವನ್ನೇ ಹಾಗೇ ತರಬೇಕಾ? 2016ರ ಏಪ್ರಿಲ್ 30ರ ರಾತ್ರಿ ಹೇಗಿತ್ತೋ ಹಾಗಾ? ಅಥವಾ ಗೋಡೆ ಖಾಲಿಯಾಗಿದೆ ಅಂತ, ಸರ್ಬಿಯದ ಚರ್ಚುಗಳ ಹಾಗೆ ಚಿತ್ರ ಬರೆಸಬೇಕಾ?

ಸಂರಕ್ಷಣೆಯ ಶಾಸ್ತ್ರ ಓದಿದವರು ಮೂರನೆಯದನ್ನು ಕೇಳಿದರೆ ಹುಬ್ಬೇರಿಸುತ್ತಾರೆ. ಹಳೆಯದನ್ನು ಮುಚ್ಚಿ ಹೊಸದು ಮಾಡಬಾರದು ಅನ್ನುವುದು ಅವರ ನಿಯಮ. ನನಗೆ ಅವರ ಮಾತು ಅರ್ಧ ಮಾತ್ರ ಒಪ್ಪಿಗೆ. ಉಳಿದ ಕಲ್ಲಿನ ಕೆತ್ತನೆಯನ್ನು ಗಾರೆ ಬಳಿದು ಮುಚ್ಚುವುದು ಖಂಡಿತ ತಪ್ಪು. ಆದರೆ ಎಲ್ಲಿ ಬರೀ ಹೊಸ ಪ್ಲಾಸ್ಟರ್ ಇದೆಯೋ ಅಲ್ಲಿ 1855ರ ನೆಪ ಹೇಳಿ ಸರ್ಬಿಯನ್ನರನ್ನು ತಡೆಯುವುದಕ್ಕೆ ಅರ್ಥವಿಲ್ಲ. ಆಂಗ್ಲಿಕನ್ನರು ಅಲ್ಲಿದ್ದುದು 87 ವರ್ಷ. ಬೆಂಕಿ ಬಿದ್ದಾಗ ಸರ್ಬಿಯನ್ನರು ಬಂದು 74 ವರ್ಷವಾಗಿತ್ತು. ಇನ್ನು ಸ್ವಲ್ಪ ವರ್ಷದಲ್ಲಿ ಅವರೇ ಹಳಬರು. ಕಾನೂನೂ ಇಲ್ಲಿ ಅವರ ಪರವೇ ಇದೆ, ಒಳಗೆ ಏನು ಮಾಡಬೇಕು ಅನ್ನುವುದನ್ನು ಅವರಿಗೇ ಬಿಟ್ಟಿದೆ.

ಅದೇ ಊರಿನ ಇನ್ನೆರಡು ಬೆಂಕಿ

ಸಂತ ಸಾವಾ ಉಳಿಯಲು ಕಾನೂನು ಒಂದೇ ಕಾರಣ ಅಂತ ಅಂದುಕೊಳ್ಳುವವರು ಈ ಎರಡನ್ನು ನೋಡಬೇಕು. ಲೋಯರ್ ಈಸ್ಟ್ ಸೈಡಿನಲ್ಲಿ ಬೆತ್ ಹಮೆದ್ರಶ್ ಹಗಾದೋಲ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರ ಇತ್ತು. 1850ರ ಕಟ್ಟಡ. ಅದೂ ಮೊದಲು ಬೇರೆಯವರದ್ದು, ಬ್ಯಾಪ್ಟಿಸ್ಟ್ ಕ್ರೈಸ್ತರದ್ದು. 1967ರಲ್ಲೇ ಪಟ್ಟಿಗೆ ಸೇರಿತ್ತು. ಜನ ಕಡಿಮೆಯಾಗಿ 2007ರಲ್ಲಿ ಬಾಗಿಲು ಹಾಕಿತು. ಹತ್ತು ವರ್ಷ ಖಾಲಿ ಬಿದ್ದು ಹಾಳಾಯಿತು. 2017ರಲ್ಲಿ ಬೆಂಕಿ ಬಿತ್ತು, ಆಮೇಲೆ ಒಡೆದರು. ಈಸ್ಟ್ ವಿಲೇಜಿನ ಮಿಡಲ್ ಕೊಲೀಜಿಯೇಟ್ ಚರ್ಚು 1892ರದು. ಅದು ತುಂಬಿದ ಚರ್ಚು, ಗಟ್ಟಿ ಸಮುದಾಯ. 2020ರ ಡಿಸೆಂಬರಿನಲ್ಲಿ ಪಕ್ಕದ ಖಾಲಿ ಕಟ್ಟಡದಿಂದ ಬೆಂಕಿ ಹಬ್ಬಿ ಸುಟ್ಟಿತು. ಮುಂದಿನ ಗೋಡೆ ನಿಂತಿತ್ತು. ಸಂರಕ್ಷಣಾವಾದಿಗಳು ಉಳಿಸಿ ಅಂದರು. ಚರ್ಚಿನವರೇ ಬೇಡ, ಅದು ಉಳಿಯುವ ಸ್ಥಿತಿಯಲ್ಲಿಲ್ಲ, ನಮ್ಮ ದುಡ್ಡು ಹೊಸ ಚರ್ಚಿಗೆ ಬೇಕು ಅಂದರು. 2023ರ ಜನವರಿಯಲ್ಲಿ ಆಯೋಗ ಒಡೆಯಲು ಒಪ್ಪಿತು.

ಒಂದು ಕಡೆ ಕಟ್ಟಡ ಇತ್ತು, ಬಳಸುವ ಜನ ಇರಲಿಲ್ಲ. ಇನ್ನೊಂದು ಕಡೆ ಜನ ಇದ್ದರು, ಅವರಿಗೆ ಆ ಗೋಡೆ ಬೇಕಾಗಿರಲಿಲ್ಲ. ಸಂತ ಸಾವಾದಲ್ಲಿ ಜನವೂ ಇದ್ದರು, ಗೋಡೆಯೂ ಬೇಕಿತ್ತು. ಜೊತೆಗೆ ಅವರಿಗೆ ಒಂದು ಅದೃಷ್ಟವೂ ಇತ್ತು: ಮೋಲ್ಡ್ ಕಟ್ಟಿದ ಪಕ್ಕದ ಆ ಶಾಲಾ ಕಟ್ಟಡ, ಈಗ ಪ್ಯಾರಿಷ್ ಹೌಸ್. ಬೆಂಕಿಯ ನಂತರ ಪೂಜೆ ಅಲ್ಲಿಗೆ ಹೋಯಿತು. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಚರ್ಚು ಸುಟ್ಟ ಮೇಲೆ ಜನ ಭಾನುವಾರ ಬೇರೆ ಊರಿನ ಚರ್ಚಿಗೆ ಹೋಗಲು ಶುರುಮಾಡಿದರೆ, ಐದಾರು ವರ್ಷದಲ್ಲಿ ಅಲ್ಲಿಯವರೇ ಆಗಿಬಿಡುತ್ತಾರೆ. ಚಂದಾ ಕೊಡುವವರು ಯಾರು ಆಮೇಲೆ? ಇಲ್ಲಿ ಹಾಗಾಗದಿರಲು ಸುಟ್ಟ ಗೋಡೆಗೆ ಅಂಟಿಕೊಂಡ ಒಂದು ಹಾಲ್ ಸಾಕಾಯಿತು. ವಲಸೆ ಬಂದವರು ಕಟ್ಟಡ ಕೊಳ್ಳುವಾಗ ಪಕ್ಕದ ಸಣ್ಣ ಕಟ್ಟಡವನ್ನೂ ಸೇರಿಸಿಯೇ ಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಒಳಗಿನ ದಾಖಲೆಯ ವಿಷಯ. ನೋತ್ರ್ ದಾಮ್ ಸುಡುವ ಮೊದಲೇ ಆ್ಯಂಡ್ರೂ ಟ್ಯಾಲನ್ ಅನ್ನುವ ಕಲಾ ಇತಿಹಾಸಕಾರ ಅದನ್ನು ಲೇಸರಿನಿಂದ ಅಳೆದಿಟ್ಟಿದ್ದ. ಈಗ ಅಂಥ ಯಂತ್ರ ಬಾಡಿಗೆಗೂ ಸಿಗುತ್ತದೆ. ಆಯೋಗದ ಕಡತ ಹೊರಗಿನ ಗೋಡೆಯ ಬಗ್ಗೆ ಎಷ್ಟೋ ಹೇಳುತ್ತದೆ, ಐಕಾನೋಸ್ಟಾಸಿಸ್‌ನಲ್ಲಿ ಯಾವ ಸಂತನ ಪಕ್ಕ ಯಾರಿದ್ದರು ಅಂತ ಹೇಳುವುದಿಲ್ಲ. ಅದನ್ನು ಸಮುದಾಯವೇ ಬರೆದಿಟ್ಟುಕೊಳ್ಳಬೇಕು, ಕಟ್ಟಡ ಗಟ್ಟಿಯಾಗಿ ನಿಂತಿರುವಾಗಲೇ. ಈಗಾಗಲೇ ಸುಟ್ಟುಹೋಗಿದ್ದರೆ ಹುಡುಕಬೇಕಾದ ಮೊದಲ ಜಾಗ ಜನರ ಮನೆಯ ಮದುವೆಯ ಆಲ್ಬಂ. ವಧುವರರು ಪೀಠದ ಕಡೆ ಮುಖ ಮಾಡಿ ನಿಂತಿರುವ ಫೋಟೋಗಳಲ್ಲಿ ಐಕಾನುಗಳ ಸಾಲು ಪೂರ್ತಿ ಸಿಗುತ್ತದೆ. ನಾಮಕರಣದ ಫೋಟೋಗಳಲ್ಲಿ ಬದಿಯ ಗೋಡೆ ಸಿಗುತ್ತದೆ. ಹತ್ತಿಪ್ಪತ್ತು ಮನೆಯ ಆಲ್ಬಂಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಯಾವ ಐಕಾನು ಯಾವಾಗ ಬಂತು, ಯಾವಾಗ ಜಾಗ ಬದಲಾಯಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಬಡಗಿಗೂ ಚಿತ್ರ ಬರೆಯುವವರಿಗೂ ಕೊಡಲು ಅಷ್ಟು ಸಾಕು.